ಈಗ ಕೇಳೋ ಹಾಗೆ ಏನಾದ್ರೂ ಬರ್ತಿದೆಯಾ?

ಬರುತ್ತಿದೆ. ಬೇಕಾದಷ್ಟು ಬರುತ್ತಿದೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ನಾನು ಇಂಡಿ ರಾಕ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಬ್ಯಾಂಡಿನವರು ತಮಗೆ ಬೇಕಾದ ಹಾಗೆ ಮಾಡುವ ರಾಕ್ ಸಂಗೀತ, ಕೇಳುತ್ತೇನೆ ಅಂತ ಗೊತ್ತಾದ ಕೂಡಲೇ ಶುರುವಾಗುತ್ತದೆ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಲೇಜು ಗೆಳೆಯರ ಗ್ರೂಪಿನಲ್ಲಿ ಇದೇ ಮಾತು. ‘ಈಗ ಕೇಳೋ ಹಾಗೆ ಏನಾದ್ರೂ ಬರ್ತಿದೆಯಾ? ಒಂದು ಹಾಡು ಕಳಿಸು, ನೋಡ್ತೀನಿ.’

ಆ ‘ಏನಾದ್ರೂ’ ನನಗೆ ಆಗುವುದಿಲ್ಲ. ಅದರಲ್ಲೇ ‘ಬರ್ತಿರಲಿಕ್ಕಿಲ್ಲ’ ಅನ್ನುವ ತೀರ್ಮಾನ ಇದೆ. ಕೊನೆಯ ‘ನೋಡ್ತೀನಿ’ ಅಂತೂ ಇನ್ನೂ ಬೇಡ. ಹಾಡನ್ನು ಯಾಕೆ ನೋಡುತ್ತೀರಿ? ಕೇಳಿ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನೂ ಕೇಳುತ್ತಾರೆ. ನನಗೆ ಗಿಟಾರ್ ಹಿಡಿಯಲು ಬರುವುದಿಲ್ಲ. ವಿಮರ್ಶೆ ಬರೆಯುವುದಿಲ್ಲ. ಮೆಟ್ರೋದಲ್ಲಿ, ಪಾತ್ರೆ ತೊಳೆಯುವಾಗ, ರಾತ್ರಿ ಮಲಗುವ ಮುಂಚೆ ಕೇಳುತ್ತೇನೆ. ಹಾಡು ಮಾಡಿದವರು ನನ್ನಂಥವರಿಗೆ ಅಂತಲೇ ಮಾಡಿದ್ದಾರೆ. ಅಭಿಪ್ರಾಯ ಹೇಳಲು ಇನ್ನೇನು ಬೇಕು?

ಹೋದ ವರ್ಷ ಜನವರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹಾಸನಕ್ಕೆ ಹೊರಟಿದ್ದೆವು. ಭಾವ ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿ ನಾನು. ಹಿಂದೆ ಅಕ್ಕ ಮತ್ತು ದೊಡ್ಡಮ್ಮ. ಭಾವ ರಾಕ್ ಅಂದರೆ ಪ್ರಾಣ ಬಿಡುವವರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನುಡಿಸಿದಾಗ ಜನರ ನಡುವೆ ನಿಂತಿದ್ದವರು. ಆ ದಿನದ ಟೀ ಶರ್ಟ್ ಇವತ್ತಿಗೂ ಇದೆ, ಯಾರೂ ಮುಟ್ಟುವಂತಿಲ್ಲ. ನೆಲಮಂಗಲ ದಾಟುತ್ತಿದ್ದ ಹಾಗೆ ಅವರು ಶುರು ಮಾಡಿದರು. ‘ಏನಮ್ಮಾ, ಈಗಿನವರದ್ದು ಏನಾದ್ರೂ ಇದ್ರೆ ಹಾಕು. ಆ ಕಾಲದ ಹಾಗೆ ಈಗೆಲ್ಲಿ ಬಿಡು.’

ನಾನು ಫಾಂಟೇನ್ಸ್ ಡಿ.ಸಿ. ಹಾಕಿದೆ. ಡಬ್ಲಿನ್‌ನ ಬ್ಯಾಂಡ್, 2024ರ ‘ರೋಮ್ಯಾನ್ಸ್’ ಆಲ್ಬಂ. ಅದರಲ್ಲಿ ‘ಸ್ಟಾರ್‌ಬರ್ಸ್ಟರ್’ ಅಂತ ಒಂದು ಹಾಡಿದೆ. ಪಲ್ಲವಿಯಲ್ಲಿ ಹಾಡುಗಾರ ಗ್ರಿಯಾನ್ ಚಾಟನ್ ಮತ್ತೆ ಮತ್ತೆ ಜೋರಾಗಿ ಉಸಿರು ಎಳೆಯುತ್ತಾನೆ. ಭಾವ ಕೇಳಿದರು, ‘ಇದೇನಿದು, ಗೂರಲಾ?’

ನನಗೆ ಖುಷಿಯಾಯಿತು. ಹತ್ತಿರ ಬಂದಿದ್ದರು! ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಲ್ಲಿ ಚಾಟನ್‌ಗೆ ಒಮ್ಮೆ ವಿಪರೀತ ಗಾಬರಿ ಹತ್ತಿ ಉಸಿರು ಕಟ್ಟಿತ್ತು. ಆ ಹಾಡು ಹುಟ್ಟಿದ್ದು ಅಲ್ಲಿಂದ. ಆ ಉಸಿರೇ ಹಾಡಿನ ತಾಳವೂ ಆಗಿದೆ. ಇದನ್ನು ಹೇಳೋಣ ಅಂತ ಬಾಯಿ ತೆಗೆಯುವುದರೊಳಗೆ ಭಾವ ಹಾಡು ನಿಲ್ಲಿಸಿ ಆಗಿತ್ತು. ‘ಚೆನ್ನಾಗಿಲ್ಲ. ಮುಂದಿನದು ಹಾಕು.’

ಒಂದು ನಿಮಿಷವೂ ಕೇಳಿರಲಿಲ್ಲ.

ಮುಂದಿನದು ಸಿಂಡಿ ಲೀ. ಆಲ್ಬಂ ಹೆಸರು ‘ಡೈಮಂಡ್ ಜೂಬಿಲಿ’, 2024ರ ಮಾರ್ಚ್‌ನಲ್ಲಿ ಬಂದದ್ದು. 32 ಹಾಡು, ಎರಡು ಗಂಟೆ. ಅದು ಬಂದ ಬಗೆಯೇ ಬೇರೆ. ಬಂದಾಗ ದೊಡ್ಡ ಸ್ಟ್ರೀಮಿಂಗ್ ಆಪ್‌ಗಳಲ್ಲಿ ಹಾಕಿರಲೇ ಇಲ್ಲ. ಯೂಟ್ಯೂಬಿನಲ್ಲಿ ಉದ್ದಕ್ಕೆ ಒಂದೇ ವಿಡಿಯೋ, ಜೊತೆಗೆ ಹಳೆಯ ಕಾಲದ ಪುಟದಂತೆ ಕಾಣುವ ಒಂದು ಜಿಯೋಸಿಟೀಸ್ ತಾಣದಿಂದ ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ. ಅಷ್ಟೇ. ನಾನು ಫೋನಿಗೆ ಇಳಿಸಿಕೊಂಡಿದ್ದೆ. ಭಾವ ಟೋಲ್ ಹತ್ತಿರ ಕಾರು ನಿಂತಾಗ ತಮ್ಮ ಆಪ್‌ನಲ್ಲಿ ಹುಡುಕಿದರು. ಸಿಗಲಿಲ್ಲ. ‘ಆಪ್‌ನಲ್ಲೇ ಇಲ್ಲ ಅಂದ್ಮೇಲೆ ಇನ್ನೆಂಥ ಹಾಡಮ್ಮಾ’ ಅಂದರು. ಆಮೇಲೆ, ‘ಸ್ಪೀಕರ್ ಏನಾದ್ರೂ ಹಾಳಾಗಿದೆಯಾ?’

ಆಗ ಹಿಂದಿನಿಂದ ದೊಡ್ಡಮ್ಮ ಕೇಳಿದರು. ‘ಆ ಹೆಣ್ಣುಮಗಳು ಯಾಕೇ ಅಷ್ಟು ದೂರ ನಿಂತು ಹಾಡ್ತಾಳೆ?’

ನಾನು ತಿರುಗಿ ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಹೇಳಿದೆ. ಹಾಡುತ್ತಿರುವುದು ಹೆಣ್ಣಲ್ಲ ದೊಡ್ಡಮ್ಮ. ಪ್ಯಾಟ್ರಿಕ್ ಫ್ಲೀಗಲ್ ಅಂತ, ಕೆನಡಾದವರು. ಮೊದಲು ಕ್ಯಾಲ್ಗರಿಯಲ್ಲಿ ‘ವಿಮೆನ್’ ಅನ್ನುವ ಬ್ಯಾಂಡಿನಲ್ಲಿದ್ದರು. 2010ರಲ್ಲಿ ವೇದಿಕೆಯ ಮೇಲೇ ಜಗಳವಾಗಿ ಅದು ನಿಂತುಹೋಯಿತು. ಈಗ ಹೆಣ್ಣಿನ ವೇಷ ಹಾಕಿ, ಸಿಂಡಿ ಲೀ ಆಗಿ ಹಾಡುತ್ತಾರೆ. ದೊಡ್ಡಮ್ಮನಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ‘ಸ್ತ್ರೀ ಪಾತ್ರದವರಾ? ನಮ್ಮ ಕಂಪನಿ ನಾಟಕದಲ್ಲಿ ಇರ್ತಿದ್ರಲ್ಲ’ ಅಂದು ಮತ್ತೆ ಕಿವಿಗೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. ‘ಪಕ್ಕದೂರಿನ ಜಾತ್ರೆ ಮೈಕಿನ ಹಾಡು ರಾತ್ರಿ ಹೊತ್ತು ಗಾಳೀಲಿ ಬರ್ತಿತ್ತು ನೋಡು, ಹಾಗಿದೆ. ಅರ್ಧ ಕೇಳಿಸುತ್ತೆ, ಅರ್ಧ ಇಲ್ಲ.’

ಆ ಆಲ್ಬಂ ಬಗ್ಗೆ ನಾನು ಏನೇನೋ ಓದಿದ್ದೆ. ಇಷ್ಟು ಸರಿಯಾದ ಮಾತು ಬೇರೆಲ್ಲೂ ಸಿಕ್ಕಿರಲಿಲ್ಲ. ಅಲ್ಲಿನ ಹಾಡುಗಳು ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಹಿಡಿಯದೆ ಬಂದ ಹಾಗೆ ಬರುತ್ತವೆ. ಗಿಟಾರ್ ಮಾತ್ರ ಕಿವಿಯ ಪಕ್ಕದಲ್ಲೇ ಇರುತ್ತದೆ, ದನಿ ಆಚೆ ಓಣಿಯಲ್ಲಿ. ಸ್ಪೀಕರ್ ಹಾಳಾಗಿರಲಿಲ್ಲ ಭಾವ. ಬೇಕಂತಲೇ ಹಾಗೆ ಮಾಡಿದ್ದಾರೆ.

ಅವತ್ತಿನಿಂದ ನನಗೆ ಬೇಕಾದ ಪ್ರಶ್ನೆ ಯಾವುದು ಅಂತ ಗೊತ್ತಾಗಿದೆ. ‘ಚೆನ್ನಾಗಿದೆಯಾ’ ಅಲ್ಲ. ‘ಹಳೇದರ ಹಾಗಿದೆಯಾ’ ಅಲ್ಲ. ‘ಅದರಲ್ಲಿ ನಿನಗೆ ಏನು ಕೇಳಿಸುತ್ತೆ?’ ಇದನ್ನು ಕೇಳಿ. ಇದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಆಲ್ವೇಸ್ ಬ್ಯಾಂಡಿನ ‘ಬ್ಲೂ ರೆವ್’ ತೆಗೆದುಕೊಳ್ಳಿ. ಟೊರಾಂಟೊದವರು. 2022ರ ಅಕ್ಟೋಬರ್‌ನಲ್ಲಿ ಬಂತು. ಅದಕ್ಕೂ ಹಿಂದಿನ ಆಲ್ಬಂಗೂ ಐದು ವರ್ಷದ ಅಂತರ. ಆ ಐದು ವರ್ಷದಲ್ಲಿ ಅವರಿಗೆ ಆಗಬಾರದ್ದೆಲ್ಲ ಆಗಿದೆ. ಹಾಡುಗಾರ್ತಿ ಮಾಲಿ ರಾಂಕಿನ್ ಮನೆಗೆ ಕಳ್ಳ ನುಗ್ಗಿ, ಹೊಸ ಹಾಡುಗಳ ಕಚ್ಚಾ ರೆಕಾರ್ಡಿಂಗ್ ಇದ್ದ ಯಂತ್ರ ಕದ್ದ. ಮಾರನೇ ದಿನವೇ ನೆಲಮಾಳಿಗೆಗೆ ನೀರು ನುಗ್ಗಿ ಬ್ಯಾಂಡಿನ ಸಾಮಾನು ಹಾಳಾಗುವುದರಲ್ಲಿತ್ತು. ಅದಾದ ಮೇಲೆ ಕೊರೋನಾ, ಗಡಿ ಬಂದ್. ಕೊನೆಗೆ ಸ್ಟುಡಿಯೋಗೆ ಹೋದಾಗ ನಿರ್ಮಾಪಕ ಶಾನ್ ಎವರೆಟ್ ಒಂದು ಕೆಲಸ ಹೇಳಿದ. ಇಡೀ ಆಲ್ಬಂ ಮೊದಲಿಂದ ಕೊನೆವರೆಗೆ ಒಂದೇ ಓಟದಲ್ಲಿ ನುಡಿಸಿ, ಹಾಡು ಹಾಡಿನ ನಡುವೆ ಹದಿನೈದು ಸೆಕೆಂಡ್ ಮಾತ್ರ ಬಿಡುವು. ಎರಡು ಸಲ ಹಾಗೆ ನುಡಿಸಿದರು.

ಆ ಓಟ ಕೇಳಿಸುತ್ತದೆ. 14 ಹಾಡು, ನಲವತ್ತು ನಿಮಿಷಕ್ಕೂ ಕಡಿಮೆ. ಗಿಟಾರ್ ಮಂಜಿನ ಹಾಗೆ ಎಲ್ಲ ಕಡೆ ಕವಿದಿದೆ. ಒಳಗಿನಿಂದ ದನಿ ಹೊಳೆಯುತ್ತದೆ. ಅದರ ಹನ್ನೊಂದನೇ ಹಾಡು ‘ಬೆಲಿಂಡಾ ಸೇಸ್’. ಬಸುರಿಯಾದ ಒಬ್ಬಳು ಹುಡುಗಿ ಊರು ಬಿಟ್ಟು ಹಳ್ಳಿ ಕಡೆಗೆ ಹೋಗಿ ಮಗುವನ್ನು ಹೆರುತ್ತೇನೆ ಅನ್ನುತ್ತಾಳೆ. ಆ ಹಾಡಿನ ನಡುವೆ ಶ್ರುತಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಏರುತ್ತದೆ. ನಾನು ತಂಬೂರಿ ಕೇಳಿ ಬೆಳೆದವಳು. ನಮ್ಮಲ್ಲಿ ಶ್ರುತಿ ಅಂದರೆ ಕಾಲ ಕೆಳಗಿನ ನೆಲ. ಹಾಡು ಎಲ್ಲಿ ಹೋದರೂ ಅದು ಅಲ್ಲೇ ಇರಬೇಕು. ಇಲ್ಲಿ ನೆಲವೇ ಎದ್ದು ಮೇಲೆ ಹೋಗುತ್ತದೆ! ಆ ಹುಡುಗಿಗೆ ಅಷ್ಟು ಧೈರ್ಯ ಬಂತು ಅಂತ ಪದ ಹೇಳುವುದಿಲ್ಲ, ಶ್ರುತಿ ಹೇಳುತ್ತದೆ. ಮೊದಲ ಸಲ ಕೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ.

ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ಅಂತ ಇಂಗ್ಲೆಂಡಿನ ಬ್ಯಾಂಡ್ ಇದೆ. ಪಿಟೀಲು, ಸ್ಯಾಕ್ಸೋಫೋನ್ ಎಲ್ಲ ಸೇರಿ ಏಳು ಜನ. 2022ರ ಫೆಬ್ರವರಿ 4ಕ್ಕೆ ಅವರ ‘ಆಂಟ್ಸ್ ಫ್ರಮ್ ಅಪ್ ದೇರ್’ ಬಂತು. ಅದಕ್ಕೆ ನಾಲ್ಕೇ ದಿನ ಮುಂಚೆ ಹಾಡುಗಾರ ಐಸಾಕ್ ವುಡ್ ಬ್ಯಾಂಡ್ ಬಿಟ್ಟ. ದುಃಖ ಮತ್ತು ಭಯ ತುಂಬಿ ಹಾಡುತ್ತಾ ಗಿಟಾರ್ ನುಡಿಸುವುದು ಕಷ್ಟವಾಗಿದೆ ಅಂತ ತಾನೇ ಬರೆದ. ಇದು ಗೊತ್ತಿದ್ದು ಕೊನೆಯ ಹಾಡು ಕೇಳಬೇಕು. ಹನ್ನೆರಡು ನಿಮಿಷದ ಹಾಡು. ಕೊನೆಗೆ ಆ ದನಿ ಒಡೆಯುತ್ತದೆ. ನನಗೆ ಅದನ್ನು ತಿಂಗಳಿಗೆ ಒಂದು ಸಲಕ್ಕಿಂತ ಜಾಸ್ತಿ ಕೇಳಲು ಆಗುವುದಿಲ್ಲ. ಉಳಿದ ಆರು ಜನ ಏನು ಮಾಡಿದರು ಗೊತ್ತಾ? ಅವನ ಹಾಡುಗಳನ್ನು ವೇದಿಕೆಯಲ್ಲಿ ಹಾಡಲಿಲ್ಲ. ಹೊಸ ಹಾಡು ಕಟ್ಟಿಕೊಂಡು ತಾವೇ ಸರದಿಯಲ್ಲಿ ಹಾಡಿದರು. 2025ರ ‘ಫಾರೆವರ್ ಹೌಲಾಂಗ್’ನಲ್ಲಿ ಮೂವರು ಹೆಣ್ಣುಮಕ್ಕಳು ಹಾಡಿದ್ದಾರೆ. ಹಳೆಯದಷ್ಟು ಅದು ನನ್ನನ್ನು ಹಿಡಿದಿಲ್ಲ, ಇದ್ದದ್ದು ಹೇಳುತ್ತೇನೆ. ಆದರೆ ಹೋದವನ ಹಾಡನ್ನು ಮುಟ್ಟದೆ ಬಿಟ್ಟರಲ್ಲ, ಅದಕ್ಕೆ ಅವರ ಮೇಲೆ ನನಗೆ ತುಂಬ ಗೌರವ.

ವೆನ್ಸ್‌ಡೇ ಬ್ಯಾಂಡಿನ ‘ರ‍್ಯಾಟ್ ಸಾ ಗಾಡ್’ (2023) ಅಮೆರಿಕದ ನಾರ್ತ್ ಕೆರೊಲಿನಾದ್ದು. ಅಲ್ಲಿ ಸ್ಟೀಲ್ ಗಿಟಾರ್ ಇದೆ. ನಮ್ಮ ಗೋಟುವಾದ್ಯದ ಹಾಗೆ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಅದರ ಮೇಲೆ ಭಯಂಕರ ಗದ್ದಲದ ಗಿಟಾರ್. ಎಂಟು ನಿಮಿಷದ ಒಂದು ಹಾಡಿನ ಕೊನೆಯಲ್ಲಿ ಹಾಡುಗಾರ್ತಿ ಕಾರ್ಲಿ ಹಾರ್ಟ್ಜ್‌ಮನ್ ಬರೀ ಕಿರುಚುತ್ತಾಳೆ. ಪಕ್ಕದ ಮನೆಯವರು ಒಮ್ಮೆ ಬಂದು ಬಾಗಿಲು ಬಡಿದರು, ಏನಾಯ್ತು ಅಂತ. ಏನೂ ಆಗಿಲ್ಲ ಆಂಟಿ, ಹಾಡು ಅಂದೆ. ಆ ಕಿರುಚಾಟ ನನಗೆ ಬೇಕು. ಕೆಲವು ದಿನ ಆಫೀಸಿನಿಂದ ಬಂದ ಮೇಲೆ ಅದು ಬಿಟ್ಟು ಬೇರೆ ಯಾವುದೂ ಸರಿಹೋಗುವುದಿಲ್ಲ.

ಎಲ್ಲವೂ ಇಷ್ಟ ಅಂತಲ್ಲ. ಬಿಗ್ ಥೀಫ್ ಬ್ಯಾಂಡಿನವರು 2022ರಲ್ಲಿ 20 ಹಾಡಿನ ಆಲ್ಬಂ ತಂದರು. ನಾಲ್ಕು ಬೇರೆ ಬೇರೆ ಜಾಗಕ್ಕೆ ಹೋಗಿ ರೆಕಾರ್ಡ್ ಮಾಡಿದ್ದು. ಎಲ್ಲರೂ ಹೊಗಳಿದರು. ನನಗೆ ಅದರಲ್ಲಿ ಎಂಟು ಹಾಡು ಜೀವ, ಉಳಿದವು ಬರುತ್ತವೆ ಹೋಗುತ್ತವೆ. ದಿ ನ್ಯಾಷನಲ್ ಬ್ಯಾಂಡಿನವರು 2023ರಲ್ಲಿ ಒಂದೇ ವರ್ಷ ಎರಡು ಆಲ್ಬಂ ತಂದರು. ಎರಡರಿಂದ ಆರಿಸಿ ಒಂದು ಮಾಡಿದ್ದರೆ ಸಾಕಿತ್ತು. ಬ್ರೂಕ್ಲಿನ್‌ನ ಗೀಸ್ ಬ್ಯಾಂಡಿನ 2025ರ ‘ಗೆಟಿಂಗ್ ಕಿಲ್ಡ್’ ಇನ್ನೂ ಕೇಳುತ್ತಿದ್ದೇನೆ. ಆ ಹಾಡುಗಾರನ ದನಿ ಒಂದು ದಿನ ರೇಗಿಸುತ್ತದೆ, ಮಾರನೇ ದಿನ ಅದೇ ಬೇಕು ಅನ್ನಿಸುತ್ತದೆ.

‘ನಮ್ಮವರದ್ದು ಯಾವುದೂ ಇಲ್ವಾ’ ಅಂತ ಕೇಳುವವರಿಗೂ ಉತ್ತರ ಇದೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ. ಅನ್ನುವ ಬ್ಯಾಂಡಿನವರು 2024ರಲ್ಲಿ ‘ಬೀಟಾ’ ತಂದರು, ಮದುವೆ ಬ್ಯಾಂಡಿನವರು ರಾತ್ರಿ ಎಲ್ಲ ಮುಗಿದ ಮೇಲೆ ತಮಗಾಗಿ ನುಡಿಸಿಕೊಂಡ ಹಾಗಿದೆ. ನಮ್ಮ ಬೆಂಗಳೂರಿನದೇ ಪರ್ವಾಜ್ ಬ್ಯಾಂಡ್ ಇದೆ, ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತಾರೆ. ಅವರ 2019ರ ‘ಕುನ್’ ನನ್ನ ಮಟ್ಟಿಗೆ ಈ ಊರಿನಲ್ಲಿ ಹುಟ್ಟಿದ ಅತಿ ಒಳ್ಳೆಯ ರಾಕ್ ಆಲ್ಬಂಗಳಲ್ಲಿ ಒಂದು. ಕನ್ನಡ ಬೇಕು ಅಂದರೆ ರಘು ದೀಕ್ಷಿತ್ 2008ರಲ್ಲೇ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿಗೆ ತಂದಿದ್ದಾರೆ. ಅಲ್ಲಿಂದ ಮುಂದೆ ಕನ್ನಡದಲ್ಲಿ ಇಂಥದ್ದು ಇನ್ನೂ ಬೇಕು ಅನ್ನುವ ಆಸೆ ನನಗೂ ಇದೆ, ನಿಮಗಿಂತ ಜಾಸ್ತಿಯೇ ಇದೆ.

‘ಆ ಕಾಲದ ಹಾಗೆ ಈಗೆಲ್ಲಿ’ ಅನ್ನುವವರಿಗೆ ಇನ್ನೊಂದು ಮಾತು. ಭಾವ, 2007ರಲ್ಲಿ ಅರಮನೆ ಮೈದಾನದಲ್ಲಿ ನೀವು ಕೂಗಿ ಕೂಗಿ ಹಾಡಿದ್ದು 1982ರ, 1984ರ ಆಲ್ಬಂಗಳ ಹಾಡನ್ನು. ಆಗಲೇ ಅವಕ್ಕೆ ಇಪ್ಪತ್ತು ದಾಟಿತ್ತು. ನಿಮಗೆ ಅವು ಹತ್ತಿರ ಆಗಿದ್ದು ಹೇಗೆ? ಕ್ಯಾಸೆಟ್ ಸವೆಯುವಷ್ಟು ಕೇಳಿದ್ದರಿಂದ. ಹಾಸ್ಟೆಲಿನಲ್ಲಿ ಇದ್ದದ್ದೇ ನಾಲ್ಕು ಕ್ಯಾಸೆಟ್ ಅಂತ ನೀವೇ ಹೇಳಿದ್ದೀರಿ. ಬೇರೆ ಇರಲಿಲ್ಲ, ಅದಕ್ಕೇ ಪೂರ್ತಿ ಕೇಳಿದಿರಿ. ಈಗಿನ ಹಾಡಿಗೆ ಒಂದು ನಿಮಿಷ ಕೊಟ್ಟು ‘ಚೆನ್ನಾಗಿಲ್ಲ’ ಅಂದರೆ ಅದು ಯಾವ ನ್ಯಾಯ?

ಹಾಗಾಗಿ ಇನ್ನು ಮೇಲೆ ನಾನು ಒಂದು ಹಾಡು ಕಳಿಸುವುದಿಲ್ಲ. ‘ಬ್ಲೂ ರೆವ್’ ಅಂತ ಹೆಸರು ಕಳಿಸುತ್ತೇನೆ. ಅದು ಆಪ್‌ನಲ್ಲಿ ಇದೆ. ಮೊದಲನೇ ಹಾಡಿನಿಂದ ಶುರು ಮಾಡಿ, ಯಾವುದನ್ನೂ ದಾಟಿಸಬೇಡಿ. ಇಯರ್‌ಫೋನ್ ಹಾಕಿಕೊಳ್ಳಿ. ಹನ್ನೊಂದನೇ ಹಾಡಿಗೆ ಬಂದಾಗ ಆ ಶ್ರುತಿ ಏರುತ್ತದಲ್ಲ, ಅಲ್ಲಿ ನಿಮಗೆ ಏನು ಕೇಳಿಸಿತು ಅಂತ ನನಗೆ ಹೇಳಿ. ಇಷ್ಟ ಆಗದಿದ್ದರೂ ಪರವಾಗಿಲ್ಲ. ಮೆಸೇಜ್ ಬೇಡ, ಫೋನ್ ಮಾಡಿ. ರಾತ್ರಿ ಹತ್ತು ಗಂಟೆ ಮೇಲಾದರೂ ಎತ್ತುತ್ತೇನೆ.