ಮನೆಯಲ್ಲೇ ಆಟದ ಹಿಟ್ಟು: ಮಾಡುವುದಾದರೆ ಬೇಯಿಸಿ ಮಾಡಿ

ಮಕ್ಕಳಿಗೆ ಆಟದ ಹಿಟ್ಟು ಮನೆಯಲ್ಲಿ ಮಾಡಿ ಕೊಡುತ್ತೇನೆ ಅಂದರೆ ಎದುರಿಗಿದ್ದವರ ಮೊದಲ ಪ್ರಶ್ನೆ ಒಂದೇ. "ಅಂಗಡಿಯಲ್ಲಿ ಬಣ್ಣ ಬಣ್ಣದ ಡಬ್ಬಿ ಸಿಗುತ್ತಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ?" ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಒಲೆ ಮೇಲೆ ಬೇಯಿಸಿ ಮಾಡುವುದಾದರೆ ಖಂಡಿತ ಮಾಡಿ. ಬರೀ ಮೈದಾ, ಉಪ್ಪು, ನೀರು ಕಲಸಿ ಕೊಡುವುದಾದರೆ ಬೇಡವೇ ಬೇಡ.

ಬೇಯಿಸದ ಹಿಟ್ಟು ಐದೇ ನಿಮಿಷದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಕೆಲಸ ಐದು ನಿಮಿಷದ್ದೇ, ಆದರೆ ಆಟವೂ ಅಷ್ಟೇ ಹೊತ್ತು. ಹಸಿ ಮೈದಾ ನಾದಿದಷ್ಟೂ ಜಿಗುಟು ಬರುತ್ತದೆ, ಹೋಳಿಗೆಗೆ ಕಣಕ ನಾದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಳಿಗೆಗೆ ಆ ಜಿಗುಟು ಬೇಕು, ಆಟಕ್ಕೆ ಬೇಡ. ಮಗು ನಾಲಿಗೆ ಕಚ್ಚಿಕೊಂಡು ಉದ್ದಕ್ಕೆ ಒಂದು ಹಾವು ಹೊಸೆಯುತ್ತದೆ, ಕೈ ಎತ್ತಿದ ಕೂಡಲೇ ಹಾವು ಹಿಂದಕ್ಕೆ ಎಳೆದುಕೊಂಡು ಗಿಡ್ಡ ಆಗುತ್ತದೆ. ಬೆರಳಿಂದ ಒತ್ತಿ ಮಾಡಿದ ಕಣ್ಣು ಮುಚ್ಚಿಹೋಗುತ್ತದೆ. ಮೂರು ವರ್ಷದ ಮಗುವಿಗೆ ತಾನು ಮಾಡಿದ್ದು ಹಾಗೇ ನಿಲ್ಲಬೇಕು ಅಲ್ವಾ? ನಿಲ್ಲದಿದ್ದರೆ ಬೇಜಾರು ಮಾಡಿಕೊಂಡು ಎದ್ದು ಹೋಗುತ್ತದೆ. ಮಾರನೇ ದಿನ ಡಬ್ಬಿ ತೆಗೆದರೆ ಹಿಟ್ಟು ಬೆವತು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಜೊತೆಗೆ ಹಸಿ ಹಿಟ್ಟಿನಲ್ಲಿ ರೋಗಾಣು ಇರುವ ಸಾಧ್ಯತೆಯೂ ಉಂಟು, ಬಾಯಿಗೆ ಕೈ ಹಾಕುವ ವಯಸ್ಸಿನವರಿಗೆ ಅದು ಒಳ್ಳೆಯದಲ್ಲ.

ಬೇಯಿಸಿದರೆ ಇದೆಲ್ಲ ಬದಲಾಗುತ್ತದೆ. ಬಿಸಿಗೆ ಮೈದಾದ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಜಿಗುಟಿನ ಎಳೆತ ನಿಲ್ಲುತ್ತದೆ, ಹಿಟ್ಟು ರೇಷ್ಮೆಯಂತೆ ನುಣುಪಾಗುತ್ತದೆ.

ನಾನು ಮಾಡುವ ಅಳತೆ: ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ನಿಂಬೆಹಣ್ಣಿನ ರಸ. ವಿದೇಶದ ವಿಧಾನಗಳಲ್ಲಿ ಕ್ರೀಮ್ ಆಫ್ ಟಾರ್ಟರ್ ಅಂತ ಬರೆದಿರುತ್ತಾರೆ, ಅದನ್ನು ಹುಡುಕಿಕೊಂಡು ಹೋಗಬೇಡಿ. ಅದೂ ಒಂದು ಹುಳಿಯೇ, ನಿಂಬೆರಸ ಅದೇ ಕೆಲಸ ಮಾಡುತ್ತದೆ. ಒಲೆ ಹಚ್ಚುವ ಮೊದಲೇ ಎಲ್ಲವನ್ನೂ ಗಂಟಿಲ್ಲದಂತೆ ಕದಡಿ. ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ಕೆದಕುತ್ತಿರಿ. ಮೊದಲು ದೋಸೆ ಹಿಟ್ಟಿನ ಹದ, ಆಮೇಲೆ ಅಲ್ಲಲ್ಲಿ ಮುದ್ದೆ ಕಟ್ಟುತ್ತದೆ, ನೋಡೋಕೆ ಕೆಟ್ಟೇ ಹೋಯಿತು ಅನ್ನುವಂತೆ ಕಾಣುತ್ತದೆ. ಬಿಡಬೇಡಿ, ಇನ್ನೊಂದೆರಡು ನಿಮಿಷಕ್ಕೆ ಪೂರ್ತಿ ತಳ ಬಿಟ್ಟು ಸೌಟಿಗೆ ಸುತ್ತಿಕೊಳ್ಳುತ್ತದೆ. ಅದೇ ಹದ. ತಟ್ಟೆಗೆ ಹಾಕಿ, ಆರಿದ ಮೇಲೆ ಎಣ್ಣೆ ಕೈಯಲ್ಲಿ ಚೆನ್ನಾಗಿ ನಾದಿ. ಕಬ್ಬಿಣದ ಬಾಣಲೆ ಮಾತ್ರ ಬಳಸಬೇಡಿ, ಅಷ್ಟು ಉಪ್ಪು ಮತ್ತು ಹುಳಿಗೆ ತುಕ್ಕು ಹಿಡಿಯುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಅರಿಸಿನ ನನಗೆ ತುಂಬಾ ಇಷ್ಟ, ಯಾಕೆಂದರೆ ಅಲ್ಲೊಂದು ಸಣ್ಣ ಮ್ಯಾಜಿಕ್ ಇದೆ. ನೀರಿಗೆ ಅರಿಸಿನ ಹಾಕಿ, ಒಂದು ಚಿಟಿಕೆ ಅಡುಗೆ ಸೋಡಾ ಬಿದ್ದ ಕೂಡಲೇ ಹಳದಿ ಹೋಗಿ ಕೆಂಪು ಛಾಯೆ ಬರುತ್ತದೆ. ಅದಕ್ಕೇ ನಿಂಬೆ ಹಿಂಡಿದರೆ ಬುಸ್ ಅಂತ ನೊರೆ ಎದ್ದು ಮತ್ತೆ ಹಳದಿ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ನನ್ನ ಮಗಳು ಹಿಟ್ಟಿನ ಆಟಕ್ಕಿಂತ ಇದನ್ನೇ "ಇನ್ನೊಂದ್ಸಲ ಅಮ್ಮಾ, ಇನ್ನೊಂದ್ಸಲ" ಅಂತ ಮಾಡಿಸುತ್ತಾಳೆ. ಬೀಟ್‌ರೂಟ್ ಬಣ್ಣ ಬಿಸಿಗೆ ಮಂಕಾಗುತ್ತದೆ, ಅದಕ್ಕಿಂತ ತಿನ್ನುವ ಬಣ್ಣದ ಒಂದೆರಡು ಹನಿ ಕೊನೆಗೆ ನಾದುವಾಗ ಹಾಕುವುದೇ ವಾಸಿ. ಅಂದಹಾಗೆ ಅರಿಸಿನದ ಕಲೆ ಬಟ್ಟೆಗೆ ಆದರೆ ಸುಲಭಕ್ಕೆ ಹೋಗುವುದಿಲ್ಲ, ಹಳೇ ಅಂಗಿ ಹಾಕಿ ಕೂರಿಸಿ.

ಮನೆಯದ್ದು ನಕಲಿ, ಅಂಗಡಿಯದ್ದು ಅಸಲಿ ಅನ್ನುವ ಭಾವನೆ ಕೆಲವರಿಗಿದೆ. ಹಾಗೇನಿಲ್ಲ. ಅಂಗಡಿಯಲ್ಲಿ ಸಿಗುವ ಹೆಸರಾಂತ ಆಟದ ಹಿಟ್ಟು ಪ್ಲೇ-ಡೋ ಕೂಡ ಮುಖ್ಯವಾಗಿ ಗೋಧಿ ಹಿಟ್ಟು, ನೀರು, ಉಪ್ಪು. 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಅದನ್ನು ಮಾಡಿದ್ದು ಆಟಕ್ಕಲ್ಲ, ಕಲ್ಲಿದ್ದಲ ಒಲೆಯ ಮಸಿ ಹಿಡಿದ ಗೋಡೆ ಕಾಗದ ಒರೆಸೋಕೆ. ಮನೆಗಳಿಗೆ ಗ್ಯಾಸ್ ಬಂತು, ನೀರಲ್ಲಿ ಒರೆಸಬಹುದಾದ ಗೋಡೆ ಕಾಗದವೂ ಬಂತು, ಆ ಹಿಟ್ಟು ಕೊಳ್ಳುವವರೇ ಕಡಿಮೆಯಾದರು. ಆಗ ಕೇ ಝುಫಾಲ್ ಅನ್ನುವ ನರ್ಸರಿ ಟೀಚರ್ ಇದು ಮಕ್ಕಳ ಕೈಗೆ ಚೆನ್ನಾಗಿದೆ ಅಂತ ಕಂಡುಕೊಂಡರು, 1956ರಲ್ಲಿ ಅದು ಆಟದ ಸಾಮಾನಾಗಿ ಮಾರಾಟಕ್ಕೆ ಬಂತು.

ದುಡ್ಡು ಉಳಿಯುತ್ತದಾ? ಉಳಿಯುತ್ತದೆ. ಮಗು ದಿನಾ ಆಡುವುದಾದರೆ ಜಾಸ್ತಿ ಉಳಿಯುತ್ತದೆ. ಆದರೆ ನಾನು ಮಾಡುವುದು ಆ ಕಾರಣಕ್ಕಲ್ಲ. ಅಂಗಡಿ ಡಬ್ಬಿಯಲ್ಲಿ ಬರುವುದು ಒಂದು ಹಿಡಿಯಷ್ಟು ಹಿಟ್ಟು, "ಬಣ್ಣ ಬೆರೆಸಬೇಡ, ಕೆಳಗೆ ಹಾಕಬೇಡ" ಅಂತ ನಾವೇ ಕಾವಲು ಕೂರುತ್ತೇವೆ. ಮನೆಯದ್ದಾದರೆ ತೆಂಗಿನಕಾಯಿ ಗಾತ್ರದ ಮುದ್ದೆಯನ್ನೇ ಮುಂದೆ ಇಟ್ಟುಬಿಡಬಹುದು. ಎರಡೂ ಕೈ ಹಾಕಿ, ಮೊಣಕೈ ತನಕ ಭಾರ ಬಿಟ್ಟು ಒತ್ತಬಹುದು. ಚಕ್ಕುಲಿ ಒರಳಿಗೆ ತುಂಬಿ ಒತ್ತಲಿ, ಲಟ್ಟಣಿಗೆಯಲ್ಲಿ ಲಟ್ಟಿಸಲಿ, ಹಳದಿಗೆ ನೀಲಿ ಸೇರಿಸಿ ಹಸಿರು ಮಾಡಲಿ, ಯಾರೂ ಬೈಯುವುದಿಲ್ಲ. ಈ ಧಾರಾಳತನ ಮಕ್ಕಳಿಗೆ ಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. "ಮನೇಲಿ ಮಾಡಿದ್ದು, ತಿಂದ್ರೂ ಏನಾಗಲ್ಲ" ಅನ್ನುವುದು ತಪ್ಪು. ಅರ್ಧ ಲೋಟ ಉಪ್ಪು ಅಂದರೆ ಸಣ್ಣ ಪ್ರಮಾಣವಲ್ಲ. ಹೆಚ್ಚಿನ ಮಕ್ಕಳು ನಾಲಿಗೆಗೆ ತಾಗಿದ ಕೂಡಲೇ ಉಗಿಯುತ್ತಾರೆ, ಆದರೆ ಸಿಕ್ಕಿದ್ದೆಲ್ಲ ನುಂಗುವ ಪುಟ್ಟ ಮಗುವಿಗೆ ಇದನ್ನು ಕೊಡಬೇಡಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಮೇಲಿಡಿ, ಇಷ್ಟು ಉಪ್ಪು ನಾಯಿಯ ಜೀವಕ್ಕೇ ಅಪಾಯ. ಗೋಧಿ ಒಗ್ಗದ ಮಕ್ಕಳಿಗೂ ಇದು ಆಗದು. ಕೈಯಲ್ಲಿ ಗಾಯ, ಚರ್ಮದ ಬಿರುಕು ಇದ್ದರೆ ಉರಿಯುತ್ತದೆ.

ಇಡುವುದು ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಬೇಸಿಗೆಯಲ್ಲಿ ಒಣಗಿದರೆ ನಾಲ್ಕು ಹನಿ ನೀರು ಚಿಮುಕಿಸಿ ನಾದಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಎಳೆದುಕೊಂಡು ಹಿಟ್ಟು ಅಂಟಾಗುತ್ತದೆ, ಆಗ ಸ್ವಲ್ಪ ಮೈದಾ ಸೇರಿಸಿ ಮತ್ತೆ ಒಲೆ ಮೇಲೆ ಎರಡು ನಿಮಿಷ ಕೆದಕಿ. ಮಲೆನಾಡು, ಕರಾವಳಿಯವರು ಜುಲೈನಲ್ಲಿ ಅರ್ಧ ಅಳತೆ ಮಾಡಿದರೆ ಸಾಕು. ಬೂಷ್ಟು ಕಂಡರೆ ಅಥವಾ ವಾಸನೆ ಬಂದರೆ ಪೂರ್ತಿ ಬಿಸಾಡಿ.

ಐದಾರು ವರ್ಷ ದಾಟಿದ ಮಕ್ಕಳಿಗೆ ಹಿಟ್ಟಿಗಿಂತ ಮಣ್ಣೇ ಮೇಲು. ಮಾಡಿದ್ದನ್ನು ಇಟ್ಟುಕೊಳ್ಳಬೇಕು ಅನ್ನುವ ಆಸೆ ಅವರಿಗೆ ಆಗ ಶುರುವಾಗುತ್ತದೆ, ಬೇಯಿಸಿದ ಹಿಟ್ಟು ಒಣಗಿದರೆ ಬಿರುಕು ಬಿಡುತ್ತದೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮನೆಯಲ್ಲೇ ಜೋಡೆತ್ತು ಮಾಡುವುದನ್ನು ನೋಡಿ: ಕೊಂಬು ಬಿದ್ದರೆ ಬೆರಳಿಗೆ ನೀರು ಮುಟ್ಟಿಸಿ ಮತ್ತೆ ಅಂಟಿಸುತ್ತಾರೆ, ಹಿಣಿಲು ಎಬ್ಬಿಸುತ್ತಾರೆ, ಕಣ್ಣಿಗೆ ಜೋಳದ ಕಾಳು ಒತ್ತುತ್ತಾರೆ. ಹತ್ತಿರದಲ್ಲಿ ಕುಂಬಾರರಿದ್ದರೆ ಹದ ಮಾಡಿದ ಮಣ್ಣನ್ನೇ ಕೇಳಿ ತನ್ನಿ. ಗಣೇಶ ಚೌತಿ ಹತ್ತಿರ ಬಂದಾಗ ಅವರಿಗೆ ಪುರುಸೊತ್ತಿರುವುದಿಲ್ಲ, ಅದಕ್ಕೆ ಮೊದಲೇ ಹೋಗಿ. ತಂದ ಮಣ್ಣನ್ನು ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಇರುತ್ತದೆ.