ನೋಟಿಸ್ ಬೋರ್ಡಿನ ಮೆಂಟರ್

ನಿನ್ನೆ ಡ್ಯೂಟಿ ಮುಗಿಸಿ ಮೆಸ್ಸಿಗೆ ಹೋದರೆ ಎಂಬಿಬಿಎಸ್ ಫಸ್ಟ್ ಇಯರ್ ಹುಡುಗನೊಬ್ಬ ಒಂಟಿಯಾಗಿ ಕೂತಿದ್ದ. ತಟ್ಟೆಯಲ್ಲಿ ಅನ್ನ ಆರಿಹೋಗಿತ್ತು. ಪಕ್ಕದಲ್ಲಿ ನೋಟ್‌ಬುಕ್, ಅದರ ತುಂಬಾ ‘ಫೀಮರ್ - ತೊಡೆಮೂಳೆ’ ಅಂತ ಕನ್ನಡದಲ್ಲೇ ಬರೆದುಕೊಂಡಿದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತೆ. ಮೊದಲ ಇಂಟರ್ನಲ್ಸ್‌ನಲ್ಲಿ ಅನಾಟಮಿ ಹೋಗಿದೆ. "ಮನೇಲಿ ಹೇಳಿಲ್ಲ ಅಕ್ಕಾ" ಅಂದ.

ಮೆಂಟರ್, ಅಂದರೆ ಹೊಸಬರಿಗೆ ದಾರಿ ತೋರಿಸೋಕೆ ಕಾಲೇಜು ಗೊತ್ತುಮಾಡಿದವರು, ಯಾರು ಅಂತ ಕೇಳಿದೆ. "ನೋಟಿಸ್ ಬೋರ್ಡಲ್ಲಿ ಹೆಸರಿದೆ, ಮುಖ ನೋಡಿಲ್ಲ."

ನಮಗೂ ಹಾಗೇ ಇತ್ತು. 2019ರ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಶುರುವಿಗೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟರು. ಭಾಷೆ, ಕಂಪ್ಯೂಟರ್, ಒತ್ತಡ ನಿಭಾಯಿಸೋದು, ಎಲ್ಲಾ ಅದರಲ್ಲೇ. ಆದರೆ ಭಯ ಶುರುವಾಗೋದು ಆ ತಿಂಗಳು ಕಳೆದ ಮೇಲೆ ಅಲ್ವಾ?

ರೋಗಿಗಳ ಚೀಟಿ ಮೇಲೆ ನಾವು ಬರೆದುಕೊಡುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಅವನ ನೋಟ್‌ಬುಕ್ಕಿನ ಹಿಂದೆ ಬರೆದೆ. ದಿನದ 24 ಗಂಟೆಯೂ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಇದು ಡಾಕ್ಟರಾಗೋರಿಗೂ ಇದೆಯಾ?" ಅಂತ ಕೇಳಿದ. ನಗು ಬಂತು, ಆಮೇಲೆ ಸಂಕಟ ಆಯಿತು.

ಭಾನುವಾರ ಲೈಬ್ರರಿಗೆ ನನ್ನ ಹಳೇ ಬೋನ್ ಸೆಟ್ ತರುತ್ತೇನೆ ಅಂದಿದ್ದೇನೆ. ಅದರಲ್ಲಿ ಒಂದೆರಡು ಮೂಳೆ ಕಾಣೆಯಾಗಿವೆ, ಹುಡುಕಬೇಕು.