48 ಗಂಟೆಗಳ ಅಂತರ

16 ಜನವರಿ 2025, ಗುರುವಾರ

ಭಾನುವಾರ 412, ಸಂಕ್ರಾಂತಿಯ ದಿನ ಮಂಗಳವಾರ 486, ಇಂದು ಬೆಳಿಗ್ಗೆ 351. ನಮ್ಮ ಪ್ರಯೋಗಾಲಯದಲ್ಲಿ ಒಬ್ಬಳೇ ಹೆಣ್ಣುಮಗಳ ರಕ್ತದಲ್ಲಿ ಗರ್ಭದ ಹಾರ್ಮೋನನ್ನು ಅಳೆಯುವ ಬೀಟಾ ಎಚ್‌ಸಿಜಿ ಪರೀಕ್ಷೆಯನ್ನು ಮೂರು ಸಲವೂ ನಾನೇ ಮಾಡಿದೆ. ಇಂದಿನ ಸಂಖ್ಯೆ ಬಂದಾಗ ಅದೇ ಸೀರಮ್ಮನ್ನು (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಮತ್ತೊಮ್ಮೆ ಯಂತ್ರಕ್ಕಿಟ್ಟೆ; ಉತ್ತರ ಬದಲಾಗಲಿಲ್ಲ.

ಮಂಗಳವಾರ ಆಕೆ ಕೌಂಟರಿನ ಮುಂದೆಯೇ ವರದಿ ಬಿಚ್ಚಿ, ಕೆಳಗೆ ಅಚ್ಚಾಗಿರುವ ವಾರವಾರದ ಪಟ್ಟಿಯ ಮೇಲೆ ಬೆರಳಿಟ್ಟು, "ಐದನೇ ವಾರಕ್ಕೆ 18ರಿಂದ 7,340 ಅಂತ ಇದೆ, ನನ್ನದು ಅದರೊಳಗೇ ಇದೆಯಲ್ಲ?" ಎಂದು ಕೇಳಿದ್ದರು. ಡಾಕ್ಟರನ್ನೇ ಕೇಳಿ ಎಂದೆ, ಏಕೆಂದರೆ ಫಲಿತಾಂಶಕ್ಕೆ ಅರ್ಥ ಹೇಳುವ ಅಧಿಕಾರ ನಮಗಿಲ್ಲ. ಆದರೆ ಅಷ್ಟು ಅಗಲವಾದ ಪಟ್ಟಿ ಯಾರಿಗೂ ದಾರಿ ತೋರಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಂಡಾಗ, ಮುಂದೆ ಮಾಸಾಗಿ ಬೆಳೆಯುವ ಜೀವಕೋಶಗಳು ಈ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಗ್ರಂಥಿಯಾದ ಕಾರ್ಪಸ್ ಲೂಟಿಯಂ ಬಾಡದಂತೆ ನೋಡಿಕೊಂಡು, ಗರ್ಭವನ್ನು ಕಾಪಾಡುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಅದು ಸುರಿಯುತ್ತಲೇ ಇರುವಂತೆ ಮಾಡುತ್ತದೆ. ಗರ್ಭ ಚೆನ್ನಾಗಿ ನಿಂತಿದ್ದರೆ ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಎಚ್‌ಸಿಜಿ ಸುಮಾರು ಇಮ್ಮಡಿಯಾಗುತ್ತದೆ. ಆರಂಭದ ಮಟ್ಟ 1,500ಕ್ಕಿಂತ ಕಡಿಮೆಯಿದ್ದಾಗ 48 ಗಂಟೆಗಳಲ್ಲಿ ಕನಿಷ್ಠ ಶೇ. 49ರಷ್ಟು ಏರಿಕೆಯನ್ನು ವೈದ್ಯರು ನಿರೀಕ್ಷಿಸುತ್ತಾರೆ. ಆ ಲೆಕ್ಕದಲ್ಲಿ 412 ಇದ್ದದ್ದು ಮಂಗಳವಾರ 614ರ ಹತ್ತಿರ ಬರಬೇಕಿತ್ತು. ಅದೇ ದಿನದ ಪ್ರೊಜೆಸ್ಟೆರಾನ್ 4.1 ಇತ್ತು; 5ಕ್ಕಿಂತ ಕೆಳಗಿದ್ದರೆ ಗರ್ಭ ಮುಂದುವರಿಯುವುದು ತೀರಾ ಅಪರೂಪ.

ಅಷ್ಟಾದರೂ ಮೂರನೆಯ ರಕ್ತಪರೀಕ್ಷೆ ಬೇಕೇ ಬೇಕಾಗಿತ್ತು. ಹೀಗೆ ಕುಂಟುತ್ತಾ ಏರುವ ಸಂಖ್ಯೆ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತ ಗರ್ಭದ್ದೂ ಆಗಿರಬಹುದು, ಮತ್ತು ಈ ಮಟ್ಟದಲ್ಲಿ ಆರೋಗ್ಯವಂತ ಗರ್ಭವೂ ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣಿಸುವುದಿಲ್ಲ. ಹೊಟ್ಟೆಯ ಒಂದು ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಕಂಡರೆ ರಾತ್ರಿಯಾದರೂ ಬರಬೇಕೆಂದು ಡಾಕ್ಟರು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಟ್ಟಿದ್ದರು. ಅದು ಎಷ್ಟೋ ಒಳ್ಳೆಯ ಕೆಲಸ. ನಮ್ಮ ವರದಿಯ ಕೆಳಗೂ "ಒಂದೇ ಸಂಖ್ಯೆಯಿಂದ ತೀರ್ಮಾನಿಸಬೇಡಿ, 48 ಗಂಟೆಗಳ ನಂತರ ಇದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಿ" ಎಂಬ ಒಂದು ಸಾಲನ್ನು ಅಚ್ಚು ಹಾಕಿಸಬೇಕೆಂದು ನಾಳೆ ಮುಖ್ಯಸ್ಥರನ್ನು ಕೇಳುತ್ತೇನೆ.

ಇಂದು ಸಂಖ್ಯೆ ಇಳಿದಿತ್ತು, ಅಂದರೆ ಗರ್ಭ ನಿಲ್ಲಲಿಲ್ಲ. ಮಧ್ಯಾಹ್ನ ಡಾಕ್ಟರ ಕೋಣೆಯಿಂದ ಹೊರಬಂದ ಆಕೆ, ರಕ್ತ ತೆಗೆದ ಜಾಗದ ಹತ್ತಿಯನ್ನು ಇನ್ನೂ ಒತ್ತಿ ಹಿಡಿದುಕೊಂಡೇ, ಹಬ್ಬದ ದಿನ ಬಿಂದಿಗೆ ಎತ್ತಿದ್ದರಿಂದ ಹೀಗಾಯಿತೇ ಎಂದು ಕೇಳಿದರು. ಇದಕ್ಕೆ ಮಾತ್ರ ನಿಯಮ ನೋಡದೆ ಉತ್ತರಿಸಿದೆ: ಇಲ್ಲ, ಆರಂಭದಲ್ಲಿಯೇ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ಬಿಂದಿಗೆಯಲ್ಲ. ಎಚ್‌ಸಿಜಿ ಸಂಖ್ಯೆ 5ಕ್ಕಿಂತ ಕೆಳಗಿಳಿಯುವವರೆಗೆ ಆಕೆ ವಾರಕ್ಕೊಮ್ಮೆ ಬರಬೇಕು. ಮುಂದಿನ ಗುರುವಾರ ಬೆಳಗಿನ ಪಾಳಿ ನನಗೇ ಇರಲಿ ಎಂದು ಹೆಸರು ಬರೆಸಿ ಬಂದಿದ್ದೇನೆ.